ಮನೆಯಿಲ್ಲದವರ ಅರ್ಜಿ

ವಿಜಯಪುರದ ಹೆಸರನ್ನೆತ್ತಿದೊಡನೆ ನಮ್ಮ ಕಣ್ಣಿನ ಮುಂದೆ ಗೋಳಗುಮ್ಮಟವು ನಿಲ್ಲುತ್ತದೆ. ತಾಳೀಕೋಟೆಯೆಂದರೆ 1565ನೆಯ ಇಸವಿಯ ಯುದ್ಧವೂ, ಬಸವನ ಬಾಗೇವಾಡಿಯೆಂದರೆ ಬಸವಣ್ಣನವರ ಜನನವೂ ನೆನಪಿಗೆ ಬರುತ್ತವೆ. ಇವೆಲ್ಲ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಸ್ಥಾನ ಪಡೆದಿರುವ ಸಂಗತಿಗಳು. ಆದರೆ ಅದೇ ನೆಲದಲ್ಲಿ ಪುಸ್ತಕದ ಅಂಚಿಗೂ ಬಾರದ ಇನ್ನೊಂದು ಚರಿತ್ರೆ ಇದೆ. ತಲೆಯ ಮೇಲೆ ಸೂರಿಲ್ಲದ ಮನುಷ್ಯನು ಸರ್ಕಾರದ ಬಾಗಿಲಿಗೆ ಬಂದು, ‘ನನಗೊಂದು ಮನೆಯಾಗಬೇಕು’ ಎಂದು ಕೇಳಿಕೊಂಡ ಚರಿತ್ರೆ ಅದು. ಆತನು ಏನೆಂದು ಕೇಳಿದನು, ಸರ್ಕಾರವು ಅವನಿಂದ ಏನನ್ನು ಸಾಕ್ಷಿಯಾಗಿ ಬೇಡಿತು, ಕೊನೆಗೆ ಏನನ್ನು ಕೊಟ್ಟಿತು ಎಂಬುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳ ನಿದರ್ಶನದಿಂದ ನಿರೂಪಿಸುವುದು ಈ ಭಾಷಣದ ಉದ್ದೇಶ.

ಮೊದಲು ಆ ಸೀಮೆಯ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳೋಣ. ಉತ್ತರಕ್ಕೆ ಭೀಮಾನದಿ, ದಕ್ಷಿಣಕ್ಕೆ ಕೃಷ್ಣಾನದಿ. ಇಂಡಿ ಸಿಂದಗಿಗಳು ಭೀಮೆಯ ಕಡೆಗಿವೆ. ಬಾಗೇವಾಡಿ ಮುದ್ದೇಬಿಹಾಳಗಳು ಕೃಷ್ಣೆಯ ಕಡೆಗಿವೆ. ಇವೆರಡರ ನಡುವೆ ಡೋಣಿಯೆಂಬ ಹೊಳೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಡೋಣಿಯ ದಂಡೆ ಬೆಳೆಯಿತೆಂದರೆ ಓಣಿಓಣಿಗೂ ಕಾಳು ಎಂಬ ಅರ್ಥದ ಗಾದೆ ಅಲ್ಲಿಯ ಜನರ ಬಾಯಲ್ಲಿದೆ. ಈಚಿನ ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕುಗಳನ್ನು ಒಡೆದು ಚಡಚಣ, ದೇವರಹಿಪ್ಪರಗಿ, ಆಲಮೇಲ, ತಾಳೀಕೋಟೆ, ಕೊಲ್ಹಾರ, ನಿಡಗುಂದಿ ಎಂಬ ಹೊಸ ತಾಲ್ಲೂಕುಗಳನ್ನು ರಚಿಸಿದ್ದಾರೆ. ನಾನು ಹಳೆಯ ಎಲ್ಲೆಗಳನ್ನೇ ಇಟ್ಟುಕೊಂಡು ಮಾತನಾಡುತ್ತೇನೆ. ನೆಲ ಬಹುಮಟ್ಟಿಗೆ ಎರೆಯ ನೆಲ. ಮಳೆ ಬಂದರೆ ಜೋಳದ ಕಣಜ, ಬಾರದಿದ್ದರೆ ಬಿರುಕುಬಿಟ್ಟ ಬಯಲು. ಹಳೆಯ ಕಾಲದ ಮನೆಗಳು ಕಲ್ಲುಮಣ್ಣಿನ ಗೋಡೆಯವು. ಜಾಲಿ ಬೇವುಗಳ ತೊಲೆಯ ಮೇಲೆ ದಪ್ಪನಾಗಿ ಮಣ್ಣು ಹಾಸಿದ ಮೇಲ್ಮುದ್ದೆಯವು. ಬೇಸಗೆಯ ಬಿಸಿಲಿಗೆ ಇಂಥ ಮನೆ ಬಲು ತಂಪು. ಆದರೆ ಎಂಟು ದಿನ ಬಿಡದೆ ಮಳೆ ಹಿಡಿಯಿತೆಂದರೆ ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕೆಳಗಿನ ಎರೆಯ ನೆಲ ಉಬ್ಬುತ್ತದೆ, ಗೋಡೆ ಬಾಯಿ ಬಿಡುತ್ತದೆ. ಹೀಗೆ ಈ ಸೀಮೆಯಲ್ಲಿ ಮಳೆ ಬಾರದಿದ್ದರೂ ಮನೆ ಹೋಗುತ್ತದೆ, ಹೆಚ್ಚಾಗಿ ಬಂದರೂ ಮನೆ ಹೋಗುತ್ತದೆ.

ನಮ್ಮ ಮೈಸೂರು ಸೀಮೆಯಲ್ಲಿ ಸರ್ಕಾರವು ವಸತಿಯ ಯೋಚನೆಯನ್ನು ಕೈಗೆತ್ತಿಕೊಂಡದ್ದು ಪ್ಲೇಗಿನ ಕಾಲದಲ್ಲಿ. 1898ರಲ್ಲಿ ಬೆಂಗಳೂರಿಗೆ ಆ ಮಾರಿ ಬಂದು ಹಳೆಯ ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತಾಗ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಹುಟ್ಟಿದವು. 1903ರಲ್ಲಿ ಮೈಸೂರು ನಗರದ ಅಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಇವು ಸ್ತುತ್ಯವಾದ ಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ನಿವೇಶನ ಕೇಳಿದವನು ಬೆಲೆ ಕೊಡಬಲ್ಲವನು. ಕೊಡಲು ಕೈಯಲ್ಲೇನೂ ಇಲ್ಲದವನು ಸರ್ಕಾರವನ್ನು ಕೇಳುವ ಬಗೆ ಯಾವುದು? ಇದಕ್ಕೆ ಉತ್ತರವನ್ನು ಹುಡುಕಲು ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ವಿಜಯಪುರ ಸೀಮೆಗೆ, ಇನ್ನೂ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

1876ರಲ್ಲಿ ಮಳೆ ಕೈಕೊಟ್ಟಿತು. ಆ ಜಿಲ್ಲೆಗೆ ಆಗ ಕಲಾದಗಿ ಜಿಲ್ಲೆಯೆಂದು ಹೆಸರು. 1876ರಿಂದ 1878ರವರೆಗೆ ನಡೆದ ಆ ಮಹಾಕ್ಷಾಮದಲ್ಲಿ ಮುಂಬಯಿ ಆಧಿಪತ್ಯದ ಜಿಲ್ಲೆಗಳ ಪೈಕಿ ಅತ್ಯಂತ ಕಠಿನವಾದ ಪೆಟ್ಟು ತಿಂದವುಗಳಲ್ಲಿ ಕಲಾದಗಿಯೂ ಒಂದು. 1872ರ ಜನಗಣತಿಯಲ್ಲಿ 8 ಲಕ್ಷವನ್ನು ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6 ಲಕ್ಷ 40 ಸಾವಿರಕ್ಕಿಂತ ಕೆಳಕ್ಕಿಳಿದಿತ್ತು. ಸತ್ತವರು ಒಂದು ಭಾಗ. ಊರು ಬಿಟ್ಟವರು ಇನ್ನೊಂದು ಭಾಗ. ದಖ್ಖಣದ ಬರಗಾಲದಲ್ಲಿ ಮನೆ ಹಾಳಾಗುವುದಕ್ಕೊಂದು ಕ್ರಮವಿದೆ. ಮೊದಲು ಛಪ್ಪರದ ಹುಲ್ಲು ದನದ ಬಾಯಿಗೆ ಹೋಗುತ್ತದೆ. ಆಮೇಲೆ ಬಾಗಿಲು, ತೊಲೆಗಳು ಮಾರಾಟವಾಗುತ್ತವೆ. ಕೊನೆಗೆ ನಾಲ್ಕು ಗೋಡೆಗಳು ಮಾತ್ರ ಬಯಲಿಗೆ ನಿಲ್ಲುತ್ತವೆ. ಮನೆಯನ್ನು ತಿಂದು ಮುಗಿಸಿದ ಮೇಲೆ ಮನುಷ್ಯನು ಊರು ಬಿಡುತ್ತಾನೆ.

ಆಗ ಸರ್ಕಾರದ ಸಹಾಯ ದೊರೆಯುತ್ತಿದ್ದುದು ಪರಿಹಾರದ ಕೆಲಸಗಳಲ್ಲಿ. ಕೆರೆ ಅಗೆಯುವುದು, ರಸ್ತೆಗೆ ಜಲ್ಲಿ ಒಡೆಯುವುದು ಮೊದಲಾದ ಕೆಲಸ ಮಾಡಿದವನಿಗೆ ಕೂಲಿ ಸಿಕ್ಕುತ್ತಿತ್ತು. ಆದರೆ ನಿಜವಾಗಿ ಹಸಿದವನು ಯಾರು, ಹಸಿದಂತೆ ನಟಿಸುವವನು ಯಾರು ಎಂದು ಗೊತ್ತುಮಾಡುವುದಕ್ಕೆ ಆ ಕಾಲದ ಅಧಿಕಾರಿಗಳು ಒಂದು ಉಪಾಯವನ್ನು ಕಂಡುಹಿಡಿದರು. ಅದಕ್ಕೆ ‘ದೂರದ ಪರೀಕ್ಷೆ’ಯೆಂದು ಹೆಸರು. ಕೆಲಸವನ್ನು ಹಳ್ಳಿಯ ಹತ್ತಿರ ತೆರೆಯದೆ ಹಲವು ಮೈಲಿಗಳಾಚೆ ತೆರೆಯುವುದು. ಮನೆಮಠ ಬಿಟ್ಟು ಅಲ್ಲಿಗೆ ನಡೆದುಬಂದು ಬಿಡಾರದಲ್ಲಿ ಬಿದ್ದಿರಲು ಯಾರು ಒಪ್ಪುತ್ತಾರೋ ಅವರೇ ನಿಜವಾದ ನಿರ್ಗತಿಕರೆಂದು ಭಾವಿಸುವುದು. ಸರ್ ರಿಚರ್ಡ್ ಟೆಂಪಲ್ ಈ ನೀತಿಯ ಪ್ರಬಲ ಪ್ರತಿಪಾದಕನಾಗಿದ್ದನು. 1877ರಲ್ಲಿ ಆತನು ಮುಂಬಯಿಯ ಗವರ್ನರಾದನು. ಇಲ್ಲಿಯ ತರ್ಕವನ್ನು ಗಮನಿಸಿ. ಸಹಾಯ ಬೇಕಾದವನು ಮೊದಲು ತನ್ನ ಮನೆಯನ್ನು ತೊರೆಯಬೇಕು. ಹಸಿವಿನಿಂದ ಅರ್ಧ ಮನೆ ಕಳೆದುಕೊಂಡವನು ಉಳಿದರ್ಧವನ್ನು ಅರ್ಹತೆಯ ಸಾಕ್ಷಿಗೆಂದು ಕಳೆದುಕೊಳ್ಳುತ್ತಿದ್ದನು. ಮುದುಕರು, ಬಾಣಂತಿಯರು, ಜ್ವರ ಹಿಡಿದವರು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಬಗೆ ಹೇಗೆ? ಕೆಲಸ ಮಾಡಲಾರದವರಿಗೆಂದು ಅನ್ನಛತ್ರಗಳು ಇದ್ದುದು ನಿಜ. ಅಲ್ಲಿಗೂ ನಡೆದೇ ಹೋಗಬೇಕಾಗಿತ್ತು.

ಈ ಪರೀಕ್ಷೆಯ ಮೂಲ ನಮ್ಮ ನೆಲದ್ದಲ್ಲ. ಇಂಗ್ಲೆಂಡಿನಲ್ಲಿ 1834ರಲ್ಲಿ ಬಡವರ ಶಾಸನವನ್ನು ತಿದ್ದಿದಾಗ ಇದೇ ಮನೋಭಾವವು ಮೇಲುಗೈ ಪಡೆದಿತ್ತು. ಸಹಾಯ ಕೇಳುವವನು ಮನೆ ಬಿಟ್ಟು ದುಡಿಮೆಯ ಛತ್ರದೊಳಕ್ಕೆ ಬರಬೇಕು. ಅಲ್ಲಿಯ ಬಾಳು ಹೊರಗಿನ ಅತ್ಯಂತ ಬಡ ಕೂಲಿಯ ಬಾಳಿಗಿಂತಲೂ ಕಷ್ಟವಾಗಿರಬೇಕು. ಇಲ್ಲವಾದರೆ ಸೋಮಾರಿಗಳು ಮುತ್ತಿಕೊಳ್ಳುತ್ತಾರೆ ಎಂಬುದು ಅದರ ತಾತ್ಪರ್ಯ. ಲಂಡನ್ನಿನ ಆ ಮಾತು ಸಮುದ್ರ ದಾಟಿ ಸಿಂದಗಿಯ ಎರೆಹೊಲಕ್ಕೆ ಬಂದಿಳಿಯಿತು. ಕ್ಷಾಮದ ಬಳಿಕ 1880ರಲ್ಲಿ ಕ್ಷಾಮ ಆಯೋಗದ ವರದಿ ಹೊರಬಿದ್ದು, ಅದರ ಆಧಾರದ ಮೇಲೆ ಕ್ಷಾಮ ಸಂಹಿತೆಗಳು ರಚಿತವಾದವು. ಪ್ರಾಣ ಉಳಿಸುವುದು ಸರ್ಕಾರದ ಹೊಣೆಯೆಂಬ ತತ್ತ್ವವು ಸ್ಥಿರಪಟ್ಟಿತು. ಆದರೆ ಮನೆ ಆ ಹೊಣೆಯೊಳಗೆ ಬರಲಿಲ್ಲ.

ಆ ಕಾಲದಲ್ಲಿ ಯಾರೂ ಅರ್ಜಿ ಹಾಕದೆಯೇ ಸರ್ಕಾರವು ತಾನಾಗಿ ಕೊಟ್ಟ ವಸತಿಯೊಂದುಂಟು. ಅದನ್ನೂ ಹೇಳದೆ ಈ ಚರಿತ್ರೆ ಪೂರ್ಣವಾಗುವುದಿಲ್ಲ. 1871ರ ಶಾಸನವೊಂದು ಕೆಲವು ಅಲೆಮಾರಿ ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪರಿಗಣಿಸಿತು. 1911ರ ಶಾಸನವು ಅದನ್ನು ಇನ್ನಷ್ಟು ವಿಸ್ತರಿಸಿತು. ಅದರಂತೆ ವಿಜಯಪುರದಲ್ಲಿ ಸ್ಟಾರ್ಟೆ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಒಂದು ಸೆಟ್ಲಮೆಂಟು ಸ್ಥಾಪಿತವಾಯಿತು. ಹರಣಶಿಕಾರಿ, ಗಂಟಿಚೋರ್, ಛಪ್ಪರಬಂದ್ ಮೊದಲಾದ ಪಂಗಡಗಳವರನ್ನು ಅಲ್ಲಿ ನೆಲೆಗೊಳಿಸಿದರು. ಛಪ್ಪರಬಂದ್ ಎಂದರೆ ಛಪ್ಪರ ಕಟ್ಟುವವರು ಎಂದರ್ಥ. ಪರರ ಮನೆಗೆ ಸೂರು ಹೊದಿಸುವ ಕಸಬಿನ ಹೆಸರನ್ನು ಹೊತ್ತ ಜನಕ್ಕೆ ಸರ್ಕಾರವು ಸೂರು ಕೊಟ್ಟಿತು. ಹಾಜರಿಪುಸ್ತಕವನ್ನೂ ಜೊತೆಗೇ ಕೊಟ್ಟಿತು. ಹೇಳದೆ ಕೇಳದೆ ಅಲ್ಲಿಂದ ಹೊರಡುವಂತಿರಲಿಲ್ಲ. ಸ್ವಾತಂತ್ರ್ಯಾನಂತರ 1952ರಲ್ಲಿ ಆ ಶಾಸನವು ರದ್ದಾಯಿತು. ದಫ್ತರದಲ್ಲಿ ಹೆಸರಿರುವುದು ಯಾವಾಗಲೂ ಭಾಗ್ಯವಲ್ಲ, ಯಾವ ಕಾರಣಕ್ಕಾಗಿ ಬರೆದಿದ್ದಾರೆಂಬುದು ಮುಖ್ಯ ಎಂಬ ಪಾಠವನ್ನು ನಾವು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳಬೇಕು.

1956ನೆಯ ಇಸವಿ ನವೆಂಬರ್ 1ರಂದು ವಿಜಯಪುರ ಜಿಲ್ಲೆಯು ಕನ್ನಡನಾಡಿನ ಇತರ ಭಾಗಗಳೊಡನೆ ಒಂದುಗೂಡಿತು. ಎಂಟು ವರ್ಷಗಳ ಬಳಿಕ, 1964ರ ಮೇ ತಿಂಗಳಿನಲ್ಲಿ, ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟರು. ಕ್ಷಾಮದ ನೆಲಕ್ಕೆ ನೀರು ತರುವ ಆ ಕಾರ್ಯದ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೀರು ನಿಲ್ಲಬೇಕಾದರೆ ಊರು ಏಳಬೇಕು. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರಿನಲ್ಲಿ ನೂರಕ್ಕೂ ಮೇಲ್ಪಟ್ಟ ಹಳ್ಳಿಗಳು ಬಾಧಿತವಾದವು. ಬಾಗಲಕೋಟೆಯ ಹಳೆಯ ಪೇಟೆಯ ಬಹುಭಾಗವೂ, ಮಡಕೆಯ ಗಟ್ಟಿಮೊಸರಿಗೆ ಹೆಸರಾದ ಹಳೆಯ ಕೊಲ್ಹಾರವೂ ಇದರಲ್ಲಿ ಸೇರಿದ್ದವು. ಇಲ್ಲಿ ಮನೆಯಿಲ್ಲದವನು ಬರದವನಂತೆ ಬೇಡುವವನಲ್ಲ. ನಾಡಿಗಾಗಿ ಮನೆಯನ್ನು ಬಿಟ್ಟುಕೊಟ್ಟವನು. ಬೆಲೆ ಕೇಳುವ ಅಧಿಕಾರವುಳ್ಳವನು. ಅರ್ಜಿಯ ಭಾಷೆಯೇ ಬದಲಾಯಿತು. ಹಿಂದೆ ‘ದಯಮಾಡಿ’ ಎಂದಿದ್ದವನು ಈಗ ‘ನ್ಯಾಯವಾದ ಪರಿಹಾರ’ ಎಂದನು.

ಆದರೂ ಪರಿಹಾರದ ಲೆಕ್ಕವು 1894ರ ಭೂಸ್ವಾಧೀನ ಶಾಸನದ ಪ್ರಕಾರ ನಡೆಯಿತು. ಆ ಶಾಸನದ ದೃಷ್ಟಿ ಸ್ವತ್ತಿನ ಮೇಲೆ. ಯಾರ ಹೆಸರಿನಲ್ಲಿ ಉತಾರ ಇದೆಯೋ ಅವನಿಗೆ ಹಣ. ಕೊಟ್ಟ ಬೆಲೆ ಸಾಲದೆಂದು 18ನೆಯ ಕಲಮಿನ ಮೇರೆಗೆ ನ್ಯಾಯಾಲಯಕ್ಕೆ ಹೋದವರು ಎಷ್ಟೋ ವೇಳೆ ಹೆಚ್ಚಿನ ಪರಿಹಾರವನ್ನು ಪಡೆದರು. ವಕೀಲರನ್ನು ಹಿಡಿಯುವ ಶಕ್ತಿಯಿಲ್ಲದವರು ಮೊದಲು ಕೊಟ್ಟಷ್ಟಕ್ಕೆ ತೃಪ್ತರಾಗಬೇಕಾಯಿತು. ಒಡೆಯನ ಹಿತ್ತಿಲಲ್ಲಿ ಗುಡಿಸಲು ಹಾಕಿಕೊಂಡು ಮೂರು ತಲೆಮಾರು ಬದುಕಿದ ಕೂಲಿಯವನಿಗೆ ಉತಾರವೇ ಇಲ್ಲ. ನೋಟೀಸು ಬಂದ ದಿವಸ ತೊಟ್ಟಿಲಲ್ಲಿದ್ದ ಮಗು ಊರು ಬಿಡುವ ಹೊತ್ತಿಗೆ ಮದುವೆಯಾಗಿ ಬೇರೆ ಒಲೆ ಹೂಡಿರಬಹುದು. ಹಳೆಯ ಪಟ್ಟಿಯಲ್ಲಿ ಆ ಒಲೆಯ ಹೊಗೆ ಕಾಣುವುದಿಲ್ಲ. ಯೋಜನೆಗೆ ಸಾಲ ಕೊಟ್ಟಿದ್ದ ವಿಶ್ವಬ್ಯಾಂಕು 1990ರ ದಶಕದಲ್ಲಿ ಪುನರ್ವಸತಿಯ ಲೋಪಗಳ ಕಾರಣದಿಂದ ಹಣವನ್ನು ತಡೆಹಿಡಿದದ್ದೂ ಉಂಟು. ಕೊನೆಗೆ 2013ರ ಹೊಸ ಭೂಸ್ವಾಧೀನ ಶಾಸನವು, ಸ್ವಂತ ಸ್ವತ್ತಿಲ್ಲದಿದ್ದರೂ ಮೂರು ವರ್ಷಗಳಿಂದ ಆ ಭೂಮಿಯನ್ನೇ ನಂಬಿ ಬದುಕಿದ ಗೇಣಿದಾರ, ಕೂಲಿ, ಕುಶಲಕರ್ಮಿಗಳನ್ನೂ ಬಾಧಿತ ಕುಟುಂಬವೆಂದು ಒಪ್ಪಿಕೊಂಡಿತು. ಇಷ್ಟು ಸಣ್ಣ ಮಾತನ್ನು ಶಾಸನದಲ್ಲಿ ಬರೆಯುವುದಕ್ಕೆ 119 ವರ್ಷ ಹಿಡಿಯಿತು. ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅನುಮತಿಯಿತ್ತುದರಿಂದ ಇನ್ನಷ್ಟು ಹಳ್ಳಿಗಳು ಮುಳುಗಡೆಯ ಪಟ್ಟಿಗೆ ಸೇರಿದವು. ಆದ್ದರಿಂದ ಇದು ಮುಗಿದ ಕಥೆಯಲ್ಲ.

ಬರವಿಲ್ಲದೆ, ಮುಳುಗಡೆಯೂ ಇಲ್ಲದೆ, ಕೇವಲ ಬಡತನದಿಂದಲೇ ಮನೆಯಿಲ್ಲದವನ ಸಂಗತಿಯೇನು? ಅವನ ಅರ್ಜಿಗೆ ಮೊದಲ ಬಾರಿಗೆ ಜಾಗ ದೊರೆತದ್ದು 1970ರ ದಶಕದಲ್ಲಿ. ಭೂಹೀನರಿಗೆ ಮನೆಯ ನಿವೇಶನ ಹಂಚುವ ಕಾರ್ಯ ಆಗ ಆರಂಭವಾಯಿತು. 1985ರಲ್ಲಿ ಕೇಂದ್ರ ಸರ್ಕಾರದ ಇಂದಿರಾ ಆವಾಸ್ ಯೋಜನೆಯೂ, 1991–92ರಲ್ಲಿ ನಮ್ಮ ರಾಜ್ಯದ ಆಶ್ರಯ ಯೋಜನೆಯೂ ಬಂದವು. 2000ನೆಯ ಇಸವಿಯಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪಿತವಾಗಿ ಇಂಥ ಕೆಲಸಗಳೆಲ್ಲ ಒಂದೇ ಆಡಳಿತದ ಕೆಳಗೆ ಬಂದವು. ಆಮೇಲೆ ಬಂದ ಯೋಜನೆಯೊಂದಕ್ಕೆ ಬಸವಣ್ಣನವರ ಹೆಸರನ್ನೇ ಇಟ್ಟರು. ಬಾಗೇವಾಡಿಯಲ್ಲಿ ಹುಟ್ಟಿದವರ ಹೆಸರು ಬಾಗೇವಾಡಿಯ ಬಡವನ ಅರ್ಜಿಯ ತಲೆಬರಹಕ್ಕೆ ಬಂತು. 2016ರಲ್ಲಿ ಇಂದಿರಾ ಆವಾಸ್ ಯೋಜನೆಯ ಸ್ಥಾನದಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯು ಬಂದು, ಬಯಲುಸೀಮೆಯ ಹಳ್ಳಿಮನೆಗೆ 1 ಲಕ್ಷ 20 ಸಾವಿರ ರೂಪಾಯಿಯ ಸಹಾಯವನ್ನೂ, ಕನಿಷ್ಠ 25 ಚದರ ಮೀಟರಿನ ಅಳತೆಯನ್ನೂ ಗೊತ್ತುಪಡಿಸಿತು.

ಪಟ್ಟಣದಲ್ಲಿರುವ ನಮಗೆ ಈ ಅರ್ಜಿಯ ಕ್ರಮ ಅಷ್ಟಾಗಿ ತಿಳಿದಿರುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರಿಸುತ್ತೇನೆ. ಅರ್ಜಿ ಮೊದಲು ಸೇರುವುದು ಗ್ರಾಮ ಪಂಚಾಯಿತಿಗೆ. ಅದರೊಡನೆ ಪಡಿತರ ಚೀಟಿ, ಆಧಾರ್ ಚೀಟಿ, ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು, ಬ್ಯಾಂಕಿನ ಪುಸ್ತಕ, ನಿವೇಶನದ ಕಾಗದ ಇವೆಲ್ಲ ಇರಬೇಕು. ಆಮೇಲೆ ಗ್ರಾಮಸಭೆ ಸೇರಿ, ಊರವರೆದುರಿಗೆ ಹೆಸರುಗಳನ್ನು ಓದಿ, ಅರ್ಹರನ್ನು ಆರಿಸುತ್ತದೆ. ಪಟ್ಟಿ ಮೇಲಕ್ಕೆ ಹೋಗಿ ಮಂಜೂರಾಗಿ ಬಂದ ಮೇಲೆ ಮನೆ ಕಟ್ಟಲು ಅಪ್ಪಣೆ. ತಳಪಾಯ, ಬಾಗಿಲ ಮೇಲಿನ ಅಡ್ಡತೊಲೆ, ಛಾವಣಿ, ಪೂರ್ಣ ಮನೆ ಎಂಬ ಒಂದೊಂದು ಹಂತಕ್ಕೂ ಸ್ಥಳದಲ್ಲೇ ಚಿತ್ರ ತೆಗೆದು ನಿಗಮಕ್ಕೆ ಕಳುಹಿಸಿದ ಬಳಿಕ ಹಣ ಕಂತುಕಂತಾಗಿ ಬ್ಯಾಂಕಿಗೆ ಬರುತ್ತದೆ. ಮನೆಯನ್ನು ಸಾಮಾನ್ಯವಾಗಿ ಹೆಂಗಸಿನ ಹೆಸರಿಗೆ ಮಂಜೂರು ಮಾಡುತ್ತಾರೆ. ಇದು ಈ ಏರ್ಪಾಡಿನ ಬಹು ದೊಡ್ಡ ಗುಣವೆಂದೇ ಹೇಳಬೇಕು. ನಡುವಣ ದಲ್ಲಾಳಿಯ ಕೈಯನ್ನು ತಪ್ಪಿಸುವುದಕ್ಕಾಗಿಯೇ ಇಷ್ಟೆಲ್ಲ ಕಟ್ಟುಪಾಡು ಬೆಳೆದಿದೆಯೆಂಬುದನ್ನೂ ಮರೆಯಬಾರದು.

ಆದರೆ ಈ ಪಟ್ಟಿಯೊಳಕ್ಕೆ ಬಾರದವರು ಯಾರೆಂದು ನೋಡಿರಿ. ಮನೆ ಕಟ್ಟಲು ಸಹಾಯ ಸಿಕ್ಕುವುದು ನಿವೇಶನವುಳ್ಳವನಿಗೆ. ನೆಲವೇ ಇಲ್ಲದವನು ಮೊದಲು ನಿವೇಶನಕ್ಕೆ ಬೇರೊಂದು ಅರ್ಜಿ ಹಾಕಿ ಕಾಯಬೇಕು. ಹೀಗೆ ಅತ್ಯಂತ ಬಡವನು ಎರಡು ಸಾಲುಗಳಲ್ಲಿ ನಿಲ್ಲುತ್ತಾನೆ. ಗಂಡನು ಬಿಟ್ಟುಹೋದ ಹೆಂಗಸಿನ ಹೆಸರು ಗಂಡನ ಮನೆಯ ಪಡಿತರ ಚೀಟಿಯಲ್ಲಿಯೇ ಉಳಿದಿರುತ್ತದೆ. ಆಕೆ ಬೇರೆ ಕುಟುಂಬವೆಂದು ಒಪ್ಪಿಸುವುದೇ ಒಂದು ವರ್ಷದ ಕೆಲಸ. ಇನ್ನು ಈ ಸೀಮೆಯ ಗುಳೆಯ ಮಾತು. ಇಂಡಿ ಸಿಂದಗಿಗಳ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದೊಡನೆ ಕಬ್ಬಿನ ಗದ್ದೆಗೋ, ಪುಣೆ, ಮುಂಬಯಿ, ಗೋವೆಗಳ ಕಟ್ಟಡದ ಕೆಲಸಕ್ಕೋ ಹೋಗುತ್ತವೆ. ಗ್ರಾಮಸಭೆಯ ದಿವಸ ಅವರು ಊರಿನಲ್ಲಿರುವುದಿಲ್ಲ. ಸಮೀಕ್ಷೆಯವನು ಬಂದಾಗ ಬಾಗಿಲಿಗೆ ಬೀಗ. ‘ಇವರು ಇಲ್ಲಿ ವಾಸವಿಲ್ಲ’ ಎಂದು ಬರೆದು ಅವನು ಹೊರಟುಹೋಗುತ್ತಾನೆ. ಪುಣೆಯಲ್ಲಿ ಅವರು ಪರಸ್ಥಳದವರು, ಊರಿನಲ್ಲಿ ಗೈರುಹಾಜರಿಯವರು. ಪರರಿಗೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟುತ್ತಿರುವ ಕಾರಣದಿಂದಲೇ ತಮ್ಮ ಮನೆಯ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. 1877ರ ದೂರದ ಪರೀಕ್ಷೆಯು ಹೆಸರಿನಿಂದ ಹೋದರೂ ಗುಣದಿಂದ ಹೋಗಿಲ್ಲವೆಂದು ಹೇಳಿದರೆ ತಪ್ಪೇನೂ ಆಗಲಾರದು.

ನದಿಗಳ ಕಡೆಗೆ ತಿರುಗೋಣ. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಗೆ ಮೇಲ್ಮುದ್ದೆಯ ಮನೆಗಳು ಓಣಿಗಟ್ಟಲೆ ಕುಸಿದವು. ರಾಜ್ಯದಲ್ಲಿ ಸತ್ತವರು ಇನ್ನೂರಕ್ಕೂ ಮೇಲು. ದಾನಿಗಳ ನೆರವಿನಿಂದ ‘ಆಸರೆ’ಯೆಂಬ ಹೆಸರಿನ ಬಡಾವಣೆಗಳನ್ನು ಸರ್ಕಾರವು ಕಟ್ಟಿಸಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಸೀಮೆಯ ದಂಡೆಯ ಹಳ್ಳಿಗಳನ್ನು ಹೊಕ್ಕಿತು. ಭೀಮೆಯ ನೆರೆಗೆ ಇಲ್ಲಿಯ ಮಳೆಯೊಂದೇ ಕಾರಣವಲ್ಲ. ಮಹಾರಾಷ್ಟ್ರದ ಉಜನಿ ಮೊದಲಾದ ಜಲಾಶಯಗಳು ತುಂಬಿ ಬಿಟ್ಟ ನೀರೂ ಕೆಳಗಿನ ಹಳ್ಳಿಗಳಿಗೆ ಬಂದು ಸೇರುತ್ತದೆ. ಇಂಥ ಸಮಯದಲ್ಲಿ ಶಾಲೆಯ ಕಟ್ಟಡದಲ್ಲಿ ಗಂಜಿಕೇಂದ್ರ ತೆರೆಯುತ್ತದೆ. ಈಚೆಗೆ ಅದಕ್ಕೆ ಕಾಳಜಿ ಕೇಂದ್ರವೆಂದು ಹೆಸರು. ನೀರು ಇಳಿದ ಬಳಿಕ ಪಂಚನಾಮೆ. ಬಿದ್ದ ಮನೆಗಳನ್ನು ‘ಎ’, ‘ಬಿ’, ‘ಸಿ’ ಎಂದು ಮೂರು ವರ್ಗ ಮಾಡುತ್ತಾರೆ. 2019ರ ಪ್ರವಾಹದ ನಂತರ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನು ನಮ್ಮ ರಾಜ್ಯವು ಗೊತ್ತುಮಾಡಿತು. ಇದು ಉದಾರವಾದ ಮೊತ್ತವೆಂದೇ ಒಪ್ಪಬೇಕು. ಆದರೆ ಮೊತ್ತವು ಹಿರಿದಾದಷ್ಟೂ ವರ್ಗದ ಜಗಳವೂ ಹಿರಿದು. ಮೂರು ಗೋಡೆ ಬಿದ್ದು ಒಂದು ನಿಂತಿದ್ದರೆ ಅದು ಯಾವ ವರ್ಗ? ಗೋಡೆ ಇಂದು ಬಿರುಕುಬಿಟ್ಟು, ಎರೆ ಒಣಗುವಾಗ, ಅಂದರೆ ಪಂಚನಾಮೆಯಾಗಿ ಒಂದು ತಿಂಗಳ ಮೇಲೆ, ಬಿದ್ದರೆ? ಬಿದ್ದ ಮನೆಯಲ್ಲಿ ಬಾಡಿಗೆಗಿದ್ದವನಿಗೆ ಏನು? ಶಾಲೆ ಮರಳಿ ತೆರೆಯಬೇಕಾದ ದಿವಸ ಕಾಳಜಿ ಕೇಂದ್ರವು ಮುಚ್ಚುತ್ತದೆ. ಅರ್ಜಿಯ ತೀರ್ಮಾನವು ಅಷ್ಟು ಬೇಗ ಆಗುವುದಿಲ್ಲ. ನಡುವಣ ತಿಂಗಳುಗಳನ್ನು ಆ ಕುಟುಂಬವು ತಾಡಪತ್ರಿಯ ಕೆಳಗೆ ಕಳೆಯುತ್ತದೆ.

ಇನ್ನು ಉಳಿದದ್ದು ತಾಂಡಾಗಳ ಸಂಗತಿ. ಲಂಬಾಣಿಗರು ಒಂದು ಕಾಲದಲ್ಲಿ ಹೇರೆತ್ತುಗಳ ಮೇಲೆ ದಂಡುಗಳಿಗೆ ಧಾನ್ಯ ಸಾಗಿಸುತ್ತಿದ್ದವರು. ರಸ್ತೆ, ರೈಲುಗಳು ಬಂದು ಆ ವ್ಯಾಪಾರ ನಿಂತ ಮೇಲೆ ಊರುಗಳ ಹೊರಗೆ ನೆಲೆನಿಂತರು. ಮುದ್ದೇಬಿಹಾಳ, ಬಾಗೇವಾಡಿ ಸೀಮೆಯಲ್ಲಿ ಅವರ ತಾಂಡಾಗಳು ಬಹಳ. ಹಳ್ಳಿಯ ಮನೆಗಳಿರುವ ನೆಲಕ್ಕೆ ಆ ಕಡೆ ಗಾವಠಾಣವೆಂದು ಹೆಸರು. ಕಂದಾಯದ ದಫ್ತರದಲ್ಲಿ ಮನೆಯೆಂದು ಕಾಣುವುದು ಗಾವಠಾಣದೊಳಗಿನದು. ಅದರಾಚೆ ಇರುವುದು ಹೊಲ. ಹೀಗಾಗಿ ನೂರು ಒಲೆ ಉರಿಯುವ ತಾಂಡಾವು ಕಾಗದದ ಮೇಲೆ ಯಾರದೋ ಹೊಲ, ಇಲ್ಲವೆ ಸರ್ಕಾರದ ಬೀಳುಭೂಮಿ. ಅಲ್ಲಿಯವನಿಗೆ ಕಣ್ಣಿಗೆ ಕಾಣುವ ಮನೆಯಿದೆ. ದಫ್ತರಕ್ಕೆ ಕಾಣುವ ಮನೆಯಿಲ್ಲ. ಆದ್ದರಿಂದ ಅವನಿಗೆ ಸಾಲವಿಲ್ಲ. ಮನೆ ಬಿದ್ದರೆ ಪರಿಹಾರಕ್ಕೂ ತೊಡಕು.

2016ರಲ್ಲಿ ರಾಜ್ಯದ ಶಾಸನಸಭೆಯು ಭೂಸುಧಾರಣಾ ಶಾಸನಕ್ಕೆ 38ಎ ಎಂಬ ಕಲಮನ್ನು ಸೇರಿಸಿತು. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳನ್ನು ಸರ್ಕಾರವೇ ಗುರುತಿಸಿ, ಅಲ್ಲಿ ವಾಸಿಸುವವನನ್ನು ಆ ಮನೆಯ ಒಡೆಯನೆಂದು ನೋಂದಾಯಿಸಬೇಕೆಂಬುದು ಅದರ ಸಾರ. ಅದರಂತೆ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಎಂಬ ಐದು ಜಿಲ್ಲೆಗಳಲ್ಲಿ 1,475 ಜನವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಿದರು. 2023ನೆಯ ಇಸವಿ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಈ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರಗಳ ವಿತರಣೆ ನಡೆಯಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಿನಲ್ಲಿ ತಾಂಡಾದ ಹೆಂಗಸಿನ ಕೈಗೆ ಮನೆಯ ಕಾಗದ ಬಂದುದು ಚರಿತ್ರೆಯ ವಿದ್ಯಾರ್ಥಿಗೆ ಸಣ್ಣ ಸಂಗತಿಯಲ್ಲ. ಹೊಸ ಇಟ್ಟಿಗೆ ಒಂದನ್ನೂ ಇಡದೆ ಸಾವಿರಾರು ಮಂದಿಗೆ ಮನೆ ದೊರೆಯಿತು. ಅವರಿಗೆ ಇಲ್ಲದೆ ಇದ್ದದ್ದು ಗೋಡೆಯಲ್ಲ, ದಫ್ತರದ ಒಂದು ಸಾಲು.

ಈ ಒಂದೂವರೆ ಶತಮಾನವನ್ನು ಒಟ್ಟಿಗೆ ನೋಡಿದರೆ ಅರ್ಜಿಯ ಆಧಾರ ಬದಲಾಗುತ್ತ ಬಂದಿರುವುದು ಸ್ಪಷ್ಟವಾಗುತ್ತದೆ. ಬರದವನು ದಯೆಯನ್ನು ಕೇಳಿದನು. ಮುಳುಗಡೆಯವನು ಬೆಲೆಯನ್ನು ಕೇಳಿದನು. ನೆರೆಯವನು ನಷ್ಟವನ್ನು ತೋರಿಸಿದನು. ತಾಂಡಾದವನು ಹಕ್ಕನ್ನು ಕೇಳಿದನು. ನಮ್ಮ ಸರ್ವೋಚ್ಚ ನ್ಯಾಯಾಲಯವೂ ಇದೇ ಹಾದಿಯಲ್ಲಿ ನಡೆದುಬಂದಿದೆ. 1985ರಲ್ಲಿ ಮುಂಬಯಿಯ ಕಾಲುದಾರಿಯ ನಿವಾಸಿಗಳ ಮೊಕದ್ದಮೆಯಲ್ಲಿ ಜೀವನೋಪಾಯವು ಬದುಕುವ ಹಕ್ಕಿನ ಭಾಗವೆಂದಿತು. ಹತ್ತು ವರ್ಷಗಳ ಬಳಿಕ ಚಮೇಲಿ ಸಿಂಗ್ ಮೊಕದ್ದಮೆಯಲ್ಲಿ ಆಶ್ರಯವೂ ಆ ಹಕ್ಕಿನೊಳಗೆ ಸೇರಿದೆಯೆಂದು ಹೇಳಿತು. ತತ್ತ್ವದಲ್ಲಿ ನಾವು ಬಹುದೂರ ಬಂದಿದ್ದೇವೆ.

ಆದರೆ ತತ್ತ್ವಕ್ಕಿಂತ ಸುಲಭವಾದ ಒಂದು ಅಳತೆಗೋಲುಂಟು. ನಡೆದವರು ಯಾರು? ಕ್ಷಾಮದಲ್ಲಿ ಹಸಿದವನು ಮೈಲಿಗಟ್ಟಲೆ ನಡೆದನು. ಇಂದಿನ ಅರ್ಜಿದಾರನು ಪಂಚಾಯಿತಿಯಿಂದ ನಾಡಕಚೇರಿಗೆ, ನಾಡಕಚೇರಿಯಿಂದ ಬ್ಯಾಂಕಿಗೆ ನಡೆಯುತ್ತಾನೆ. ಒಂದು ದಿನ ನಡೆದರೆ ಒಂದು ದಿನದ ಕೂಲಿ ಹೋಯಿತು. ತಾಂಡಾಗಳ ವಿಷಯದಲ್ಲಾದರೋ ಹಳ್ಳಿಯನ್ನು ಹುಡುಕಿಕೊಂಡು ಸರ್ಕಾರವೇ ನಡೆದುಹೋಯಿತು; ಕೆಲಸ ಕೈಗೂಡಿತು. ಬಡವರ ಶಾಸನದ ದುಡಿಮೆಯ ಛತ್ರವನ್ನು ಕಂಡುಹಿಡಿದ ಇಂಗ್ಲೆಂಡೇ 1977ರಲ್ಲಿ ಮನೆಯಿಲ್ಲದವರಿಗಾಗಿ ಒಂದು ಶಾಸನ ಮಾಡಿತು. ಆ ಶಾಸನದಲ್ಲಿಯೂ ಜಿಪುಣತನದ ಕಲಮುಗಳಿವೆ. ಬೇಕೆಂದೇ ಮನೆ ಕಳೆದುಕೊಂಡನೆ, ಈ ಊರಿಗೂ ಇವನಿಗೂ ಸಂಬಂಧವುಂಟೆ ಎಂದು ವಿಚಾರಿಸುತ್ತದೆ. ನಮ್ಮ ಗುಳೆಯವನು ಅಲ್ಲಿಯೂ ತೊಡಕಿಗೆ ಸಿಕ್ಕಿಕೊಂಡಾನು. ಆದರೆ ಅದರಲ್ಲಿ ಎರಡು ಮಾತುಗಳು ಗ್ರಾಹ್ಯವಾಗಿವೆ. ಒಬ್ಬನಿಗೆ ಮನೆಯಿಲ್ಲವೆಂದು ನಂಬಲು ಕಾರಣವಿದ್ದರೆ ವಿಚಾರಣೆ ನಡೆಸುವ ಹೊಣೆ ಸ್ಥಳೀಯ ಸಂಸ್ಥೆಯದು; ಮಕ್ಕಳೊಂದಿಗರು, ಗರ್ಭಿಣಿಯರು, ಅಶಕ್ತರು ಆಗಿದ್ದ ಪಕ್ಷದಲ್ಲಿ ವಿಚಾರಣೆ ಮುಗಿಯುವವರೆಗೆ ಅವರನ್ನು ಬೀದಿಯಲ್ಲಿ ನಿಲ್ಲಿಸದೆ ತಾತ್ಕಾಲಿಕವಾದ ನೆಲೆ ಕೊಡತಕ್ಕದ್ದು.

ಈ ಎರಡು ಮಾತುಗಳನ್ನು ನಮ್ಮ ಭೀಮಾ, ಕೃಷ್ಣಾ ದಂಡೆಗಳಿಗೆ ಅನ್ವಯಿಸುವುದು ಅಸಾಧ್ಯವೇನಲ್ಲ. ನೆರೆಯ ಪಂಚನಾಮೆಯನ್ನು ಎರೆ ಒಣಗಿದ ಮೇಲೆ ಇನ್ನೊಮ್ಮೆ ಮಾಡಬಹುದು. ತೀರ್ಮಾನವಾಗುವವರೆಗೆ ಬಾಡಿಗೆಯನ್ನಾದರೂ ಕೊಡಬಹುದು. ಬೀಗ ಹಾಕಿದ ಮನೆಯ ಮುಂದೆ ‘ವಾಸವಿಲ್ಲ’ ಎಂದು ಬರೆಯುವುದಕ್ಕೆ ಮೊದಲು ನೆರೆಮನೆಯವರನ್ನು ಕೇಳಿ, ಅವರು ಮರಳುವ ಯುಗಾದಿಗೋ ಕಾರಹುಣ್ಣಿಮೆಗೋ ಮತ್ತೊಮ್ಮೆ ಬರಬಹುದು. ನಿವೇಶನವಿಲ್ಲದವನನ್ನು ಎರಡು ಸಾಲುಗಳಲ್ಲಿ ನಿಲ್ಲಿಸದೆ ಒಂದೇ ಅರ್ಜಿಯಲ್ಲಿ ನೆಲವನ್ನೂ ಮನೆಯನ್ನೂ ಕೊಡಬಹುದು. ಇವು ದೊಡ್ಡ ಹಣದ ಕೆಲಸಗಳಲ್ಲ. ನಾಲ್ಕು ಹೆಜ್ಜೆ ಹೆಚ್ಚಿಗೆ ನಡೆಯುವ ಕೆಲಸಗಳು. ಮನೆ ಇರುವ ನಾವು ನಮ್ಮ ವಿಳಾಸವನ್ನು ದಿನಕ್ಕೆ ಹತ್ತು ಸಲ ಯೋಚನೆಯಿಲ್ಲದೆ ಬರೆಯುತ್ತೇವೆ. ಮನೆಯಿಲ್ಲದವನ ಅರ್ಜಿಯಲ್ಲಿ ತುಂಬಲಾಗದೆ ಉಳಿಯುವ ಜಾಗವೂ ಅದೇ. ಅವನು ಅರ್ಜಿ ಬರೆಯುತ್ತಿರುವುದೂ ಆ ಜಾಗಕ್ಕಾಗಿಯೇ. ಅದನ್ನು ತುಂಬಿಕೊಂಡು ಬಾ ಎಂದು ಅವನನ್ನು ಹಿಂದಕ್ಕೆ ಕಳುಹಿಸುವ ಕಚೇರಿಯು 1877ರಲ್ಲಿ ನಿಂತಿದೆ. ತಾನೇ ಹೋಗಿ ನೋಡಿ ತುಂಬಿಕೊಡುವ ಕಚೇರಿಯು ನಮ್ಮ ಕಾಲಕ್ಕೆ ಬಂದಿದೆ.